ಮನೆಯ ಯೋಜನೆ, ದೇಶದ ಯೋಜನೆ ಮತ್ತು ಲೆಕ್ಕಕ್ಕೆ ಸಿಗದ ಹುಡುಗಿಯರು

(ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಳಗಿನ ಕಸಮುಸುರೆ ಮುಗಿಸಿ, ದನಕರುಗಳನ್ನು ಯಾರಿಗೋ ಒಪ್ಪಿಸಿ ಇಷ್ಟು ದೂರ ಬಂದಿರುವ ಅಕ್ಕತಂಗಿಯರೇ,

ನನಗೆ ಕೊಟ್ಟಿರುವ ವಿಷಯ ‘ದೇಶದ ದೀರ್ಘಕಾಲದ ಅಭಿವೃದ್ಧಿ ಯೋಜನೆಯಲ್ಲಿ ಯುವಜನರ ಮತ್ತು ಸಮುದಾಯದ ಪಾತ್ರ’. ಹೆಸರು ಉದ್ದವಾಗಿದೆ. ಮೂವತ್ತೆರಡು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು. ಪಂಚವಾರ್ಷಿಕ ಯೋಜನೆಗಳ ಗುರಿಗಳೇನು, ಸಾಧನೆಗಳೇನು ಎಂಬ ಹತ್ತು ಅಂಕದ ಪ್ರಶ್ನೆ ಪ್ರತಿ ವರ್ಷವೂ ಪರೀಕ್ಷೆಗೆ ಬರುತ್ತಿತ್ತು. ಪಠ್ಯಪುಸ್ತಕದ ಉತ್ತರದಲ್ಲಿ ಉಕ್ಕಿನ ಕಾರ್ಖಾನೆ ಇತ್ತು, ಅಣೆಕಟ್ಟು ಇತ್ತು, ತಲಾ ಆದಾಯ ಇತ್ತು. ವರದಕ್ಷಿಣೆ ಎಂಬ ಪದ ಅದರಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಆದರೆ ಆ ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಮಂದಿ ಪರೀಕ್ಷೆ ಮುಗಿದ ತಿಂಗಳಲ್ಲೇ ಹಸೆಮಣೆ ಏರುತ್ತಿದ್ದರು. ಅವರ ತಂದೆ ತಾಯಿ ಅದಕ್ಕಾಗಿ ಮಾಡಿದ ಸಾಲ ಎಷ್ಟೆಂದು ಯಾವ ಯೋಜನಾ ಆಯೋಗವೂ ಕೇಳಲಿಲ್ಲ.

ಆದ್ದರಿಂದ ಇವತ್ತು ದೆಹಲಿಯಿಂದ ಆರಂಭಿಸುವುದು ಬೇಡ. ನಮ್ಮ ಮನೆಯಿಂದಲೇ ಆರಂಭಿಸೋಣ.

ದೇಶದ ಯೋಜನೆ ಐದು ವರ್ಷಕ್ಕೆ ಒಂದರಂತೆ ಇತ್ತು. ಆದರೆ ನಮ್ಮ ಹಳ್ಳಿಯ ಮನೆಗಳಲ್ಲಿ ಇಪ್ಪತ್ತು ವರ್ಷದ ಯೋಜನೆಯೊಂದಿದೆ. ಅದು ಹೆಣ್ಣುಮಗು ಹುಟ್ಟಿದ ದಿನ ಶುರುವಾಗುತ್ತದೆ. ವರ್ಷಕ್ಕೆ ಇಷ್ಟು ಅಂತ ಚೀಟಿ ಹಾಕುವುದು, ಒಂದು ಎಮ್ಮೆ ಮಾರಿದಾಗ ಒಂದು ಜೊತೆ ಓಲೆ ಮಾಡಿಸುವುದು, ತೆಂಗಿನಕಾಯಿಗೆ ಬೆಲೆ ಬಂದ ವರ್ಷ ಎರಡು ಬಳೆ. ಕಷ್ಟ ಬಂದರೆ ಮನೆಯ ಹೆಂಚು ಬದಲಾಯಿಸುವುದನ್ನು ನಿಲ್ಲಿಸುತ್ತೇವೆ, ಮಂಡಿನೋವಿಗೆ ಔಷಧಿ ತರುವುದನ್ನು ನಿಲ್ಲಿಸುತ್ತೇವೆ, ಈ ಯೋಜನೆಯನ್ನು ಮಾತ್ರ ನಿಲ್ಲಿಸುವುದಿಲ್ಲ. ಇಷ್ಟು ಶಿಸ್ತಿನಿಂದ, ಇಷ್ಟು ತ್ಯಾಗದಿಂದ ನಡೆಯುವ ಯೋಜನೆಯನ್ನು ನಾನು ಸರ್ಕಾರದಲ್ಲಿ ನೋಡಿಲ್ಲ. ಮತ್ತು ಇಪ್ಪತ್ತು ವರ್ಷದ ಉಳಿತಾಯ ಒಂದೇ ದಿನ, ಛತ್ರದ ಒಂದು ಮೂಲೆಯಲ್ಲಿ, ಇನ್ನೊಬ್ಬರ ಕೈಗೆ ಹೋಗುತ್ತದೆ. ಸಾಲದೆ ಬಂದದ್ದನ್ನು ಸಂಘದಿಂದ ತೆಗೆಯುತ್ತೇವೆ. ಪುಸ್ತಕದಲ್ಲಿ ಏನೆಂದು ಬರೆಸುತ್ತೇವೆ? ‘ಹೈನುಗಾರಿಕೆ’ ಎಂದು. (ನಗು) ನಗಬೇಡಿ. ಆ ಹಸು ಯಾವ ಕೊಟ್ಟಿಗೆಯಲ್ಲಿದೆ ಎಂದು ಬ್ಯಾಂಕಿನವರು ಹುಡುಕಿಕೊಂಡು ಹೊರಟರೆ ಅದು ಅಳಿಯನ ಮನೆಯ ಮುಂದೆ ಮೋಟಾರ್ ಸೈಕಲ್ಲಾಗಿ ನಿಂತಿರುತ್ತದೆ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಸಂಘಗಳಿಗೆ ಎಷ್ಟು ಸಾಲ ಸಿಕ್ಕಿತು, ಎಷ್ಟು ಮರುಪಾವತಿಯಾಯಿತು ಎಂಬ ಲೆಕ್ಕ ಸರ್ಕಾರದ ಬಳಿ ಇದೆ. ಅದನ್ನು ಅಭಿವೃದ್ಧಿ ಎಂದೇ ಎಣಿಸುತ್ತಾರೆ. ಅದರಲ್ಲಿ ಎಷ್ಟು ಭಾಗ ವರದಕ್ಷಿಣೆಗೆ ಹೋಯಿತೆಂಬ ಲೆಕ್ಕ ಇರುವುದು ನಿಮ್ಮ ಬಳಿ ಮಾತ್ರ.

ಈ ಮನೆಯ ಯೋಜನೆಯಲ್ಲಿ ಇನ್ನೊಂದು ವಿಶೇಷವಿದೆ. ಇದು ಯಾರಿಗಾಗಿ ನಡೆಯುತ್ತದೆಯೋ ಆ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಆ ಹಣವನ್ನು ಓದಿಗೆ ಹಾಕೋಣವೇ, ಒಂದು ಹೊಲಿಗೆ ಅಂಗಡಿ ಇಡೋಣವೇ, ನಿನ್ನ ಹೆಸರಿಗೆ ಎರಡು ಗುಂಟೆ ಕೊಳ್ಳೋಣವೇ ಎಂದು ಯಾವ ತಂದೆಯೂ ಮಗಳನ್ನು ಕೂರಿಸಿಕೊಂಡು ಕೇಳಿದ್ದು ನಾನು ಕಂಡಿದ್ದು ಅಪರೂಪ. 2006-07ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆಯನ್ನೇ ನೋಡಿ. ಹುಡುಗಿ ಎಂಟನೇ ತರಗತಿಯವರೆಗಾದರೂ ಓದಲಿ, ಹದಿನೆಂಟಕ್ಕೆ ಮೊದಲು ಮದುವೆ ಬೇಡ ಎಂಬ ಷರತ್ತಿನ ಮೇಲೆ ಸರ್ಕಾರ ಅವಳ ಹೆಸರಿನಲ್ಲಿ ಠೇವಣಿ ಇಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಮನೆಗಳಲ್ಲಿ ಆ ಬಾಂಡಿಗೆ ಏನು ಹೆಸರು? ‘ಮದುವೆ ದುಡ್ಡು’. ಸರ್ಕಾರದ ಯೋಜನೆ ಬಂದು ಮನೆಯ ಯೋಜನೆಯೊಳಗೆ ಸೇರಿಹೋಯಿತು.

ಹೀಗೆ ಕೇಳದೇ ಯೋಜನೆ ಮಾಡುವುದನ್ನು ನಾವು ದೇಶದಿಂದ ಕಲಿತೆವೋ, ದೇಶ ನಮ್ಮಿಂದ ಕಲಿಯಿತೋ ತಿಳಿಯದು. ಚರಿತ್ರೆಯನ್ನು ಸ್ವಲ್ಪ ನೋಡೋಣ. ಯೋಜನೆಯ ಮಾತನ್ನು ಈ ದೇಶದಲ್ಲಿ ಮೊದಲು ಗಟ್ಟಿಯಾಗಿ ಆಡಿದವರಲ್ಲಿ ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂಬ ಅವರ ಪುಸ್ತಕ ಬಂದದ್ದು 1934ರಲ್ಲಿ. ನಾಲ್ಕು ವರ್ಷದ ನಂತರ, 1938ರಲ್ಲಿ, ಸುಭಾಷ್ ಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ರಾಷ್ಟ್ರೀಯ ಯೋಜನಾ ಸಮಿತಿ ರಚನೆಯಾಯಿತು. ನೆಹರೂ ಅದರ ಅಧ್ಯಕ್ಷರು. ಆ ಸಮಿತಿಯಡಿಯಲ್ಲಿ ಯೋಜಿತ ಅರ್ಥವ್ಯವಸ್ಥೆಯಲ್ಲಿ ಹೆಂಗಸಿನ ಪಾತ್ರ ಕುರಿತು ಒಂದು ಉಪಸಮಿತಿ ಇತ್ತು, ರಾಣಿ ಲಕ್ಷ್ಮೀಬಾಯಿ ರಾಜವಾಡೆ ಅದರ ಅಧ್ಯಕ್ಷೆ. ಹೆಂಗಸನ್ನು ಮನೆಯ ಒಂದು ಭಾಗವೆಂದಲ್ಲ, ಒಬ್ಬ ವ್ಯಕ್ತಿಯೆಂದು ಎಣಿಸಿರಿ, ಮನೆಯಲ್ಲಿ ಅವಳು ಮಾಡುವ ಕೆಲಸಕ್ಕೂ ಬೆಲೆ ಇದೆಯೆಂದು ಒಪ್ಪಿಕೊಳ್ಳಿರಿ ಎಂದು ಆ ಉಪಸಮಿತಿ ಸ್ವಾತಂತ್ರ್ಯಕ್ಕೆ ಮೊದಲೇ ಹೇಳಿತ್ತು! 1950ರಲ್ಲಿ ಯೋಜನಾ ಆಯೋಗ ಬಂತು, 1951ರಲ್ಲಿ ಮೊದಲ ಯೋಜನೆ ಬಂತು, ಹೆಂಗಸರ ವಿಷಯ ‘ಕಲ್ಯಾಣ’ ಎಂಬ ಮೂಲೆಗೆ ಸೇರಿತು. ‘ಸಮಾನತೆಯತ್ತ’ ಎಂಬ ಹೆಸರಿನ ವರದಿ 1974ರಲ್ಲಿ ಬಂದು, ಸ್ವಾತಂತ್ರ್ಯ ಬಂದ ಮೇಲೆ ಹೆಂಗಸರ ಸ್ಥಿತಿ ಹಲವು ವಿಷಯಗಳಲ್ಲಿ ಹಿಂದಕ್ಕೆ ಹೋಗಿದೆ, ಗಂಡಸರಿಗೆ ಹೋಲಿಸಿದರೆ ಹೆಂಗಸರ ಸಂಖ್ಯೆಯೇ ಕುಗ್ಗುತ್ತಿದೆ, ವರದಕ್ಷಿಣೆ ಹೊಸ ಹೊಸ ಜಾತಿಗಳಿಗೆ ಹಬ್ಬುತ್ತಿದೆ ಎಂದು ಹೇಳಿದ ಮೇಲೆ, 1980ರ ಆರನೇ ಯೋಜನೆಯಲ್ಲಿ ಮೊತ್ತಮೊದಲಿಗೆ ಮಹಿಳೆ ಮತ್ತು ಅಭಿವೃದ್ಧಿ ಎಂಬ ಒಂದು ಅಧ್ಯಾಯ ಸೇರಿತು. ಒಂದು ಅಧ್ಯಾಯಕ್ಕೆ ಮೂವತ್ತು ವರ್ಷ.

2015ರ ಜನವರಿಯಲ್ಲಿ ಯೋಜನಾ ಆಯೋಗದ ಜಾಗದಲ್ಲಿ ನೀತಿ ಆಯೋಗ ಬಂತು. ಹನ್ನೆರಡನೇ ಯೋಜನೆ 2017ಕ್ಕೆ ಮುಗಿಯಿತು, ಹದಿಮೂರನೆಯದು ಬರಲಿಲ್ಲ. ಈಗ ಎಲ್ಲರ ಬಾಯಲ್ಲಿ ಇರುವುದು 2047, ಸ್ವಾತಂತ್ರ್ಯದ ನೂರನೇ ವರ್ಷದ ಹೊತ್ತಿಗೆ ಅಭಿವೃದ್ಧಿ ಹೊಂದಿದ ಭಾರತ ಎಂಬ ಗುರಿ. 2023ರ ಡಿಸೆಂಬರಿನಲ್ಲಿ ಪ್ರಧಾನಿಯವರು ಯುವಜನರ ಸಲಹೆಗಳಿಗಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿದರು. ವಿಶ್ವವಿದ್ಯಾಲಯಗಳಲ್ಲಿ ಕಾರ್ಯಾಗಾರಗಳಾದವು, ಕಂಪ್ಯೂಟರಿನ ಮೂಲಕ ಸಲಹೆ ಕಳಿಸಿರಿ ಎಂದರು. ಯುವಕರನ್ನು ಕೇಳಬೇಕೆಂದು ಅನ್ನಿಸಿದ್ದೇ ಒಳ್ಳೆಯದು ಎಂದು ನಾನು ಭಾವಿಸುತ್ತೇನೆ. ಆದರೆ ಆ ಪ್ರಶ್ನೆ ಯಾರಿಗೆ ತಲುಪುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ. 54ರಷ್ಟು. ಉಳಿದವರ ಫೋನು ಅಣ್ಣನ ಜೇಬಿನಲ್ಲಿದೆ, ಗಂಡನ ಜೇಬಿನಲ್ಲಿದೆ. 2047ರಲ್ಲಿ ನಲವತ್ತು ದಾಟಿರುವ ಇಂದಿನ ಇಪ್ಪತ್ತರ ಹುಡುಗಿಯನ್ನು ಅಣ್ಣನ ಜೇಬಿನ ಮೂಲಕ ಕೇಳಿದರೆ ಏನು ಉತ್ತರ ಬಂದೀತು?

ಇನ್ನು ವಿಷಯದ ತಿರುಳಿಗೆ ಬರುತ್ತೇನೆ. ಇಷ್ಟು ಹೊತ್ತು ನಾನು ‘ಯುವಜನ’ ಎಂದೆ. ಸರ್ಕಾರದ 2014ರ ಯುವ ನೀತಿಯ ಪ್ರಕಾರ 15ರಿಂದ 29 ವರ್ಷದವರು ಯುವಜನರು. ಹುಡುಗರಿಗೆ ಅದು ಸರಿ. ಆದರೆ ನಮ್ಮ ಹುಡುಗಿಯರ ಬಾಳಿನಲ್ಲಿ ಆ ಹದಿನೈದು ವರ್ಷ ಒಂದೇ ಊರಿನಲ್ಲಿ ಕಳೆಯುವುದಿಲ್ಲ. ಅರ್ಧ ತವರು, ಅರ್ಧ ಗಂಡನ ಮನೆ. ಹದಿನೆಂಟು ತುಂಬಿದಾಗ ತವರಿನ ಮತದಾರರ ಪಟ್ಟಿಗೆ ಹೆಸರು ಬರುತ್ತದೆ. ಆದರೆ ವಾರ್ಡ್ ಸಭೆಗೆ ಅವಳನ್ನು ಯಾರೂ ಕರೆಯುವುದಿಲ್ಲ. ಇನ್ನೇನು ಬೇರೆ ಊರಿಗೆ ಹೋಗುವವಳು ತಾನೇ! ಮದುವೆಯಾದ ಮೇಲೆ ಗಂಡನ ಊರಿನಲ್ಲಿ ಅವಳು ಹೊಸಬಳು. ಅಲ್ಲಿಯ ಪಟ್ಟಿಗೆ ಹೆಸರು ಸೇರಿಸಲು ಯಾರಿಗೂ ಅವಸರವಿಲ್ಲ. ಸಭೆಗೆ ಹೋಗುವುದು ಅತ್ತೆ ಮಾವನ ಕೆಲಸ. ಸಂಘಕ್ಕೆ ಸೇರೋಣವೆಂದರೆ ‘ಒಂದು ಮನೆಗೆ ಒಬ್ಬರೇ’ ಎನ್ನುತ್ತೇವೆ, ಆ ಒಬ್ಬರು ಅತ್ತೆಯಾಗಿರುತ್ತಾರೆ. ಅಲ್ಲಿಗೆ ಎರಡೂ ಊರಿನ ಯೋಜನೆಯಿಂದ ಅವಳು ಹೊರಗೆ.

ಈಗ ಕಾನೂನನ್ನು ನೋಡಿ. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಸುಟ್ಟಗಾಯದಿಂದಲೋ, ಮೈಮೇಲಿನ ಗಾಯದಿಂದಲೋ, ಅಸಹಜ ರೀತಿಯಲ್ಲೋ ಸತ್ತರೆ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ, ಅದು ವರದಕ್ಷಿಣೆ ಸಾವು. 1986ರಲ್ಲಿ ದಂಡ ಸಂಹಿತೆಗೆ ಸೇರಿದ ಈ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 80ನೇ ಕಲಮಾಗಿದೆ. ಪೊಲೀಸ್ ದಾಖಲೆಯ ಪ್ರಕಾರವೇ 2022ರಲ್ಲಿ ದೇಶದಲ್ಲಿ ಇಂಥ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಏಳು ವರ್ಷ ಎಂದು ಕಾನೂನು ಏಕೆ ಹೇಳಿತು? ಹೆಣ್ಣಿನ ಬಾಳಿನಲ್ಲಿ ಅಪಾಯ ಹೆಚ್ಚಿರುವ ಕಾಲ ಅದು ಎಂದು ಗೊತ್ತಿದ್ದುದರಿಂದ. ಆ ಏಳು ವರ್ಷವೇ ಅವಳು ಯಾವ ಊರಿನ ಪಟ್ಟಿಯಲ್ಲೂ, ಯಾವ ಸಂಘದ ಪುಸ್ತಕದಲ್ಲೂ, ಯಾವ ಸಭೆಯಲ್ಲೂ ಇಲ್ಲದ ಕಾಲ. ಒಂದು ಪಂಚವಾರ್ಷಿಕ ಯೋಜನೆಗಿಂತ ಎರಡು ವರ್ಷ ಹೆಚ್ಚು.

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಅತ್ತೆಯರು. ನಾನೂ ಅತ್ತೆಯೇ. ಅದಕ್ಕೇ ಸಲುಗೆಯಿಂದ ಹೇಳುತ್ತಿದ್ದೇನೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರ ಸಮೀಕ್ಷೆಯಲ್ಲಿ ಶೇ. 20.6 ಇದ್ದರು, 2019-21ರಲ್ಲಿ ಶೇ. 44.4 ಆದರು. ಆ ಸಮೀಕ್ಷೆಯಲ್ಲಿ ಬೇರೆ ಯಾವ ರಾಜ್ಯದಲ್ಲೂ ಇಷ್ಟಿರಲಿಲ್ಲ. ಇದರಲ್ಲಿ ಸ್ವಲ್ಪ ಭಾಗ ಹೆಂಗಸರು ಬಾಯಿಬಿಟ್ಟು ಹೇಳಲು ಶುರುಮಾಡಿದ್ದರಿಂದಲೂ ಇರಬಹುದು. ಇದ್ದರೆ ಸಂತೋಷ. ಆದರೆ ಅಷ್ಟರಿಂದಲೇ ಇಮ್ಮಡಿಯಾಯಿತೆಂದು ನಾನು ನಂಬಲಾರೆ. ಈ ಹೊಡೆತ ಬೀಳುವುದು ನಮ್ಮ ಮನೆಗಳ ಒಳಗೆ, ನಾವು ಅಡುಗೆಮನೆಯಲ್ಲಿರುವಾಗ, ನಮ್ಮ ಮಕ್ಕಳ ಕೈಯಿಂದ.

ಸರಿ, ಯೋಜನೆಗೂ ಇದಕ್ಕೂ ಏನು ಸಂಬಂಧ, ಇದು ಪೊಲೀಸರ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಪೊಲೀಸರು ಬರುವುದು ಆದ ಮೇಲೆ. ಆಗುವ ಮೊದಲು ಏನೇನು ಇರಬೇಕಿತ್ತು ಎಂದು ಎಣಿಸಿ ಊರಿನಲ್ಲಿ ಅದನ್ನು ಉಂಟುಮಾಡುವುದಕ್ಕೆ ಯೋಜನೆ ಎಂದು ಹೆಸರು. ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. 1987ರ ಚುನಾವಣೆಯಲ್ಲೇ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿತ್ತು, ದೇಶಕ್ಕೇ 73ನೇ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮುಂಚೆ. 2010ರಿಂದ ಅರ್ಧ ಸ್ಥಾನ ನಮ್ಮದು. ಪಂಚಾಯತ್ ರಾಜ್ ಕಾಯಿದೆಯಲ್ಲಿ ವಾರ್ಡ್ ಸಭೆ ಇದೆ, ಗ್ರಾಮ ಸಭೆ ಇದೆ, ಬಂದವರಲ್ಲಿ ನೂರಕ್ಕೆ ಮೂವತ್ತಾದರೂ ಹೆಂಗಸರು ಇರಬೇಕೆಂಬ ಮಾತಿದೆ. ಊರಿನ ಬೇಡಿಕೆ ಕಾಗದಕ್ಕೆ ಇಳಿಯುವುದು ಆ ಸಭೆಯಲ್ಲಿ. 2018ರಿಂದ ಪ್ರತಿ ವರ್ಷ ಗಾಂಧಿ ಜಯಂತಿಯಿಂದ ಆರಂಭಿಸಿ ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಯೋಜನೆ ತಯಾರಿಸುವ ಅಭಿಯಾನ ನಡೆಸುವ ಪದ್ಧತಿ ಬಂದಿದೆ. ಇನ್ನೊಂದು ಸಂಗತಿ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಸಂಜೀವಿನಿ ಒಕ್ಕೂಟದವರು ಗ್ರಾಮದ ಬಡತನ ನಿವಾರಣೆಗೆ ತಮ್ಮದೇ ಒಂದು ಯೋಜನೆ ಮಾಡಿ ಗ್ರಾಮ ಸಭೆಗೆ ಕೊಡಬೇಕು, ಪಂಚಾಯಿತಿ ಅದನ್ನು ತನ್ನ ಯೋಜನೆಗೆ ಸೇರಿಸಿಕೊಳ್ಳಬೇಕು. ಅದರಲ್ಲಿ ಒಂದು ಭಾಗ ಸಾಮಾಜಿಕ ಅಭಿವೃದ್ಧಿಯದು. ಹಣವೇ ಬೇಡದ ಅಥವಾ ಸ್ವಲ್ಪ ಹಣ ಸಾಕಾಗುವ ಕೆಲಸಗಳನ್ನು ಅಲ್ಲಿ ಬರೆಯಬಹುದು. ಕುಡಿತ, ಬಾಲ್ಯವಿವಾಹ, ವರದಕ್ಷಿಣೆ, ಮನೆಯೊಳಗಿನ ಹಿಂಸೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಹೆಚ್ಚಿನ ಕಡೆ ಆ ಭಾಗದಲ್ಲಿ ‘ಜಾಗೃತಿ ಕಾರ್ಯಕ್ರಮ’ ಎಂದು ಎರಡು ಪದ ಬರೆದು ಮುಗಿಸುತ್ತಾರೆ. ಜಾಗೃತಿ ಯಾರಿಗೆ, ಯಾವತ್ತು, ಮಾಡುವವರು ಯಾರು, ಒಂದೂ ಇಲ್ಲ.

ಕಳೆದ ವರ್ಷ ಒಂದು ಹಳ್ಳಿಯ ವಾರ್ಡ್ ಸಭೆ ನೋಡಲು ಹೋಗಿದ್ದೆ. ಊರಿನ ಹೆಸರು ಬೇಡ. ಶಾಲೆಯ ಮುಂದಿನ ಹೊಂಗೆ ಮರದ ಕೆಳಗೆ ನಲವತ್ತು ಜನ, ಅವರಲ್ಲಿ ಮೂವತ್ತು ಮಂದಿ ಬಂದದ್ದು ಮನೆ ಮಂಜೂರಾತಿಯ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ನೋಡಲು. ನಾಲ್ಕು ಹುಡುಗರು ವಾಲಿಬಾಲ್ ಅಂಕಣ ಕೇಳಿದರು, ಬರೆದುಕೊಂಡರು. ಆಮೇಲೆ ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗಿ ಎದ್ದು, ಬೆಳಗಿನ ಏಳೂವರೆ ಬಸ್ಸು ನಮ್ಮ ಗೇಟಿನಲ್ಲಿ ನಿಲ್ಲಿಸುವುದಿಲ್ಲ, ಮುಂದಿನದು ಹತ್ತೂವರೆಗೆ, ಅಷ್ಟರಲ್ಲಿ ಎರಡು ಕ್ಲಾಸು ಮುಗಿದಿರುತ್ತವೆ ಎಂದಳು. ಹಿರಿಯರೊಬ್ಬರು, “ಅದು ಡಿಪೋದವ್ರ ಕೆಲ್ಸ ಕಣವ್ವ, ಪಂಚಾಯ್ತಿದಲ್ಲ, ಕೂತ್ಕೊ” ಎಂದರು. ಆಗ ಅವಳ ಚಿಕ್ಕಮ್ಮ, ಸಂಘದ ಸದಸ್ಯೆ, ಕೂತಲ್ಲಿಂದಲೇ, “ಕೂತ್ಕೊಳಕ್ಕೆ ಬಂದಿಲ್ಲ ಅವ್ಳು. ಡಿಪೋಗೆ ಕಾಗ್ದ ಬರ್ಯೋದು ಪಂಚಾಯ್ತಿ ತಾನೆ? ಮೊದ್ಲು ಬರ್ಕೊಳಿ, ಆಮೇಲೆ ಮಾತಾಡನ” ಎಂದರು. ಬರೆದುಕೊಂಡರು. ಹೊರಗೆ ಬಂದ ಮೇಲೆ ಆ ಹುಡುಗಿ ನನಗೆ ಹೇಳಿದಳು, ಅವಳ ಜೊತೆ ಪಿ.ಯು.ಸಿ. ಮುಗಿಸಿ ಕಾಲೇಜು ಸೇರಿದವರು ಐವರು, ಈ ಬಸ್ಸಿನ ಕಾಟಕ್ಕೆ ಮೂವರು ಬಿಟ್ಟರು, ಬಿಟ್ಟ ಮೂವರಲ್ಲಿ ಇಬ್ಬರಿಗೆ ಅದೇ ವರ್ಷ ಮದುವೆ. ‘ಮನೇಲಿ ಸುಮ್ನೆ ಕೂತಿದಾಳೆ, ಒಂದು ದಾರಿ ಮಾಡಿಬಿಡೋಣ’ ಎಂದು.

2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸು ನಿಲ್ಲಬೇಕೆಂಬ ಚಿಂತೆ ಉಳಿದಿದೆ. ಅದನ್ನು ಬಲ್ಲವಳು ಬೆಂಗಳೂರಿನಲ್ಲಿಲ್ಲ, ಏಳೂವರೆಗೆ ಗೇಟಿನಲ್ಲಿ ನಿಂತ ಹುಡುಗಿ. ಯುವಜನರನ್ನು ಯೋಜನೆಗೆ ಸೇರಿಸಿಕೊಳ್ಳಬೇಕು ಎಂದರೆ ನನ್ನ ತಿಳಿವಳಿಕೆಯಲ್ಲಿ ಇದೇ ಅರ್ಥ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಓದಿದರೆ ವರದಕ್ಷಿಣೆ ತಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಡುಗಿ ಡಿಗ್ರಿ ಮಾಡಿದರೆ ಅವಳಿಗಿಂತ ಒಂದು ಮೆಟ್ಟಿಲು ಮೇಲಿನ ಗಂಡು ಹುಡುಕುತ್ತೇವೆ, ಅವನ ರೇಟು ಇನ್ನೂ ಹೆಚ್ಚು. ಸರ್ಕಾರಿ ನೌಕರಿ ಇದ್ದರಂತೂ ಕೇಳುವುದೇ ಬೇಡ. ಓದಿನ ಜೊತೆಗೆ ಅವಳ ಕೈಯಲ್ಲಿ ಅವಳದೇ ಸಂಪಾದನೆ, ಅವಳ ಹೆಸರಿನಲ್ಲಿ ಏನಾದರೊಂದು, ಮತ್ತು ಹಿಂತಿರುಗಿ ಬಂದರೆ ಬಾಗಿಲು ತೆರೆಯುವ ಒಂದು ಜಾಗ ಇರಬೇಕು. ಈ ಮೂರೂ ಯೋಜನೆಗೆ ಬರಬೇಕಾದ ವಿಷಯಗಳು.

ಹದಿನೆಂಟು ತುಂಬದ ಮಕ್ಕಳೂ ಇದನ್ನು ಮಾಡಬಲ್ಲರು. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲಿ, ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದವರೂ ಶಾಲೆಗೆ ಹೋಗುವ ಮಕ್ಕಳೂ ಸೇರಿ ಮಕ್ಕಳ ಪಂಚಾಯಿತಿ ಕಟ್ಟಿದರು. ಮಕ್ಕಳೇ ಚುನಾವಣೆ ನಡೆಸಿ, ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ, ಅಂಕಿಅಂಶಗಳನ್ನು ಹಿಡಿದು ದೊಡ್ಡವರ ಪಂಚಾಯಿತಿಯ ಮುಂದೆ ಕುಳಿತರು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳಿಗೆ ಕಾಲುಸಂಕ ಎಂಬುದು ಜೀವದ ಪ್ರಶ್ನೆ ಎಂಬುದನ್ನು ಎಂಜಿನಿಯರಿಗಿಂತ ಚೆನ್ನಾಗಿ ಬಲ್ಲವರು ಅವರು. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಬೇರು ಅಂಥ ಪ್ರಯತ್ನಗಳಲ್ಲಿದೆ. ಕೆಲವು ಕಡೆ ಅದು ಬಿಸ್ಕತ್ತು ಹಂಚಿ, ಭಾಷಣ ಮಾಡಿ, ಫೋಟೋ ತೆಗೆಸಿಕೊಳ್ಳುವ ಸಭೆಯಾಗಿದೆ ಎಂಬುದೂ ನಿಜ. 2019-21ರ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಒಂಬತ್ತನೇ ತರಗತಿಯ ಯಾವ ಹುಡುಗಿ ಜಾತ್ರೆಯ ನಂತರ ಶಾಲೆಗೆ ಬರಲಿಲ್ಲ ಎಂಬುದು ಮೊದಲು ಗೊತ್ತಾಗುವುದು ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ. ಮಕ್ಕಳ ಸಭೆಯಲ್ಲಿ ಆ ಹುಡುಗಿ ಎದ್ದು ನಿಂತಾಗ ಅವಳ ಹಿಂದೆ ಸಂಘದ ನಾಲ್ಕು ಜನ ನಿಂತಿರಬೇಕು.

ಈಗ ಮಾಡಬಹುದಾದದ್ದನ್ನು ಹೇಳುತ್ತೇನೆ. ಪ್ರತಿಜ್ಞೆ ಬೋಧಿಸುವುದಿಲ್ಲ. ಎಡಗೈ ಹಿಂದೆ ಕಟ್ಟಿ ಬಲಗೈ ಮುಂದೆ ಚಾಚಿ ‘ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ’ ಎಂದವರ ಮದುವೆ ಊಟವನ್ನೂ ನಾನು ಉಂಡಿದ್ದೇನೆ.

ಊರಿಗೆ ಹೊಸದಾಗಿ ಬಂದ ಸೊಸೆಯರ ಪಟ್ಟಿಯನ್ನು ಸಂಘದಲ್ಲಿ ಬರೆದಿಡಿ. ಮದುವೆಯಾಗಿ ಏಳು ವರ್ಷ ಆಗದವರೆಲ್ಲರ ಹೆಸರು ಅದರಲ್ಲಿರಲಿ. ತಿಂಗಳಿಗೊಮ್ಮೆ ಇಬ್ಬರು ಹೋಗಿ ಮಾತನಾಡಿಸಿ ಬನ್ನಿ. ‘ವಿಚಾರಣೆಗೆ ಬಂದಿದ್ದೇವೆ’ ಎನ್ನಬೇಡಿ, ಕಾಫಿ ಕುಡಿಯುವ ನೆಪ ಸಾಕು. ಅವಳ ಹೆಸರು ಈ ಊರಿನ ಮತದಾರರ ಪಟ್ಟಿಗೆ ಬಂದಿದೆಯೇ ಕೇಳಿ. ತವರಿನ ಪಟ್ಟಿಯಲ್ಲಿದ್ದರೆ ನಮೂನೆ 8, ಎಲ್ಲಿಯೂ ಇಲ್ಲದಿದ್ದರೆ ನಮೂನೆ 6, ತುಂಬಿಸಿಕೊಡಿ. ‘ಮನೆಗೊಬ್ಬರೇ’ ಎಂಬ ನಿಯಮವನ್ನು ಸಡಿಲಿಸಿ, ಆಗದಿದ್ದರೆ ಸೊಸೆಯರದೇ ಒಂದು ಹೊಸ ಸಂಘ ಮಾಡಿಕೊಡಿ. ಅವರು ನಿಮ್ಮ ಮೇಲೆ ದೂರು ಹೇಳಿಕೊಂಡರೆ ಹೇಳಿಕೊಳ್ಳಲಿ ಬಿಡಿ, ಕೆಲವು ದೂರು ಹೊರಗೆ ಬಂದರೇ ಮನೆ ಉಳಿಯುವುದು.

ಸಾಲದ ಪುಸ್ತಕದಲ್ಲಿ ನಿಜವನ್ನು ಬರೆಯಿರಿ ಎಂದು ನಾನು ಒತ್ತಾಯಿಸಿದರೆ ಬ್ಯಾಂಕಿನವರು ಸಾಲ ನಿಲ್ಲಿಸಿಯಾರು ಎಂಬ ಭಯ ನಿಮಗಿದೆ. ಹಾಗಾದರೆ ಬ್ಯಾಂಕಿಗೆ ತೋರಿಸದ ಇನ್ನೊಂದು ಪುಸ್ತಕ ಇರಲಿ. ಹೆಸರು ಬೇಡ. ಈ ವರ್ಷ ಊರಿನಲ್ಲಿ ಎಷ್ಟು ಮದುವೆ, ಕೊಟ್ಟದ್ದು ಎಷ್ಟು, ಅದರಲ್ಲಿ ಸಾಲ ಎಷ್ಟು, ಅಷ್ಟು ಮಾತ್ರ. ಇದನ್ನು ಕಾಲೇಜು ಓದುವ ಹುಡುಗ ಹುಡುಗಿಯರಿಂದ ಬರೆಸಿ. ಮೂರು ವರ್ಷದ ಲೆಕ್ಕ ಕೂಡಿಸಿ ಗ್ರಾಮ ಸಭೆಯಲ್ಲಿ ಓದಿಸಿ. ಒಂದು ಊರಿನ ವರ್ಷದ ವರದಕ್ಷಿಣೆಯನ್ನು ಆ ಪಂಚಾಯಿತಿಗೆ ಬರುವ ವರ್ಷದ ಅನುದಾನದ ಪಕ್ಕದಲ್ಲಿ ಇಟ್ಟು ನೋಡಬೇಕೆಂಬುದು ನನ್ನ ಬಹಳ ದಿನದ ಆಸೆ. ಅದನ್ನು ಹುಡುಗರ ಕೈಯಿಂದಲೂ ಬರೆಸಿ ಎಂದದ್ದು ಬೇಕೆಂದೇ. ವಾಲಿಬಾಲ್ ಅಂಕಣಕ್ಕೆ ಮಾತ್ರ ಸಭೆಗೆ ಬರುವ ಹುಡುಗ ನಾಳಿನ ವರ. ತನ್ನ ತಂಗಿಯ ಮದುವೆಯ ಸಾಲವನ್ನು ತಾನೇ ಕೂಡಿ ಬರೆದ ಮೇಲೆ ಅವನು ಮಾವನ ಮುಂದೆ ಕುಳಿತು ಕೇಳುವಾಗ ಒಂದು ಸಲವಾದರೂ ತಡವರಿಸಿಯಾನು.

ಪಂಚಾಯಿತಿಯ ಕೈಯಲ್ಲಿ ಎಲ್ಲವೂ ಇಲ್ಲವೆಂಬುದು ನಿಮಗೆ ತಿಳಿದಿರಲಿ, ಇಲ್ಲವಾದರೆ ಒಂದೇ ಸಭೆಗೆ ನಿರಾಶೆಯಾಗುತ್ತದೆ. 2021-26ರ ಅವಧಿಗೆ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಬೀದಿದೀಪ, ಹೆಂಗಸರು ಸೇರಲು ಒಂದು ಕೋಣೆ, ಗ್ರಂಥಾಲಯದಲ್ಲಿ ಹುಡುಗಿಯರು ಕೂರಲು ಜಾಗ, ಇವು ಪಂಚಾಯಿತಿಯಿಂದ ಆಗುವಂಥವು. ಬಸ್ಸು, ಹಾಸ್ಟೆಲ್, ಹೈಸ್ಕೂಲು ಪಂಚಾಯಿತಿ ಕೊಡಲಾರದು, ಆದರೆ ಠರಾವು ಮಾಡಿ ಕಳಿಸಬಲ್ಲದು. ಠರಾವಿನ ನಂಬರು ಹಿಡಿದು ಹೋದವಳಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಬರಿಗೈಯಲ್ಲಿ ಹೋದವಳಿಗೆ ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ’ ಎಂಬ ಉತ್ತರ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ನಮ್ಮಲ್ಲಿ ಸಂರಕ್ಷಣಾಧಿಕಾರಿಯೆಂದರೆ ತಾಲ್ಲೂಕಿನ ಸಿ.ಡಿ.ಪಿ.ಓ., ಅಂಗನವಾಡಿಗಳನ್ನು ನೋಡಿಕೊಳ್ಳುವವರೇ. ವರ್ಷಕ್ಕೆ ಎರಡು ಸಲ ಅವರು ಗ್ರಾಮ ಸಭೆಗೆ ಬಂದು ಎಷ್ಟು ದೂರು ಬಂತು, ಏನು ಮಾಡಿದಿರಿ ಎಂದು ಹೇಳಬೇಕೆಂದು ಠರಾವು ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಾಮಾಜಿಕ ಅಭಿವೃದ್ಧಿಯ ಭಾಗದಲ್ಲಿ ಬರೆಯಬೇಕಾದ್ದು ಇಂಥದ್ದು. ಸಹಾಯವಾಣಿಯ ನಂಬರುಗಳು, ಹೆಂಗಸರಿಗೆ 181, ಮಕ್ಕಳಿಗೆ 1098, ಇವನ್ನು ಹಾಲಿನ ಡೈರಿಯ ಗೋಡೆಯ ಮೇಲೆ ಬರೆಸಿ. ಪಂಚಾಯಿತಿ ಕಚೇರಿಯ ಗೋಡೆ ಬೇಡ, ಹೊಸ ಸೊಸೆ ಅಲ್ಲಿಗೆ ಹೋಗುವುದಿಲ್ಲ. ಡೈರಿಗೆ ಎರಡು ಹೊತ್ತೂ ಹೋಗುತ್ತಾಳೆ.

ಇಲ್ಲಿಗೆ ಬರುವ ಮೊದಲು ಚೀಟಿಯಲ್ಲಿ ಒಬ್ಬ ತಾಯಿ ಪ್ರಶ್ನೆ ಬರೆದು ಕಳಿಸಿದ್ದರು: ‘ಸಭೆಯಲ್ಲಿ ಮಾತಾಡಿದರೆ ಮನೆಗೆ ಹೋದ ಮೇಲೆ ಹೊಡೆತ ತಿನ್ನುವವಳು ನಾನು, ನೀವಲ್ಲ. ಏನು ಮಾಡಲಿ?’ ಈ ಪ್ರಶ್ನೆಯನ್ನು ಹಗುರ ಮಾಡಿ ನಾನು ಉತ್ತರಿಸಲಾರೆ. ಅಂಥ ಮನೆಯ ಹೆಂಗಸು ಮೊದಲ ಸಭೆಯಲ್ಲಿ ಬಾಯಿ ತೆರೆಯಬೇಕಾಗಿಲ್ಲ. ಅವಳ ಬೇಡಿಕೆಯನ್ನು ಸಂಘದ ಬೇಡಿಕೆಯೆಂದು ಬರೆದು, ಗಟ್ಟಿ ಮನೆಯ ಇನ್ನೊಬ್ಬಳು ಓದಲಿ. ಹತ್ತು ಜನ ಒಟ್ಟಿಗೆ ಹೋಗಿ, ಒಟ್ಟಿಗೆ ಕೂತು, ಒಟ್ಟಿಗೆ ಹಿಂತಿರುಗಿ, ಅವಳನ್ನು ಮನೆಯ ಬಾಗಿಲವರೆಗೆ ಬಿಟ್ಟು ಬನ್ನಿ. ಆ ರಾತ್ರಿ ಆ ಮನೆಯ ಕಡೆ ಒಂದು ಕಿವಿ ಇಟ್ಟಿರಿ. ಅವಳ ಸರದಿ ಎರಡು ವರ್ಷದ ನಂತರ ಬಂದರೂ ಸರಿ.

ಕೊನೆಯದಾಗಿ ಒಂದು ಸಣ್ಣ ವಿಷಯ. ಸಭೆ ಮುಗಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ, ದನ ಬರುವ ಹೊತ್ತು, ಒಲೆ ಹಚ್ಚುವ ಹೊತ್ತು. ಆಗ ನಡಾವಳಿ ಪುಸ್ತಕ ತಂದು, ‘ಇಲ್ಲೊಂದು ಸೈನ್ ಹಾಕಿ ಹೊರಡ್ರಮ್ಮ’ ಎನ್ನುತ್ತಾರೆ. ಮೇಲಿನ ಅರ್ಧ ಪುಟ ಖಾಲಿ ಇರುತ್ತದೆ. ಸಹಿ ಹಾಕಬೇಡಿ. ಬಿ.ಕಾಂ. ಓದುವ ಆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಬರೆದದ್ದನ್ನೆಲ್ಲ ಅವಳಿಂದ ಗಟ್ಟಿಯಾಗಿ ಓದಿಸಿ. ನೀವು ಹೇಳಿದ್ದು ನೀವು ಹೇಳಿದಂತೆಯೇ ಇದೆಯೇ, ಬಸ್ಸು ಎಂದದ್ದು ‘ಸಾರಿಗೆ ಸೌಲಭ್ಯ ಪರಿಶೀಲನೆ’ ಎಂದಾಗಿದೆಯೇ ಕೇಳಿಸಿಕೊಳ್ಳಿ. ತಪ್ಪಿದ್ದರೆ ತಿದ್ದಿಸಿ. ಖಾಲಿ ಜಾಗಕ್ಕೆ ಗೆರೆ ಎಳೆಸಿ. ಅವಳೊಂದು ಪ್ರತಿಯನ್ನು ಫೋನಿನಲ್ಲಿ ಹಿಡಿದುಕೊಳ್ಳಲಿ. ಆಮೇಲೆ ಸಹಿ ಹಾಕಿ.